ಸೀತಾಳೆದಂಡೆಯ ದೊಡ್ಡ ಬಾಯಿ

ಹುಮನಾಬಾದಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ಭಾಷಣಕಾರರೊಬ್ಬರು ಕಣ್ಣು ಮುಚ್ಚಿ, ದನಿ ಇಳಿಸಿ, "ಬಾಯಿಯವರು ಜೀವಮಾನದಲ್ಲಿ ಒಂದು ಹುಳಕ್ಕೂ ನೋವು ಮಾಡಿದವರಲ್ಲ" ಎಂದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದಳು. ಅಳು ಬಂದಿರಲಿಲ್ಲವೆಂದಲ್ಲ, ಮನೆಯಿಂದ ಹೊರಡುವಾಗಲೇ ಬಂದಿತ್ತು. ಆದರೆ ಆ ಮಾತಿಗೆ ಬಂದದ್ದು ನಗು. ಅವರು ಕೊಂದ ಹುಳಗಳನ್ನೆಲ್ಲ ರಾಶಿ ಹಾಕಿದ್ದರೆ ಆ ಭಾಷಣಕಾರರು ವೇದಿಕೆಯ ಬದಲು ಅದರ ಮೇಲೆಯೇ ನಿಂತು ಮಾತಾಡಬಹುದಿತ್ತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಹೇಳುತ್ತೇನೆ. ಆದರೆ ಒಳ್ಳೆಯದು ತನ್ನ ಸರದಿ ಬಂದಾಗ ಬರಲಿ, ಅದನ್ನು ಮುಂದಕ್ಕೆ ಎಳೆದು ಕೂರಿಸುವುದು ನನ್ನಿಂದಾಗದು.

ಮರಾಠಿಯ ನೆರೆಯಿಂದಾಗಿ ನಮ್ಮ ಬಸವಕಲ್ಯಾಣದ ಕಡೆ ಶಿಕ್ಷಕಿಯರಿಗೆ 'ಬಾಯಿ' ಎನ್ನುವುದು ರೂಢಿ. ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ 'ದೊಡ್ಡ ಬಾಯಿ'. ಬೇರೆಯವರಿಗೆ ಈ ಹೆಸರು ಹುದ್ದೆಯಿಂದ ಬಂದರೆ ಇವರಿಗೆ ಹುದ್ದೆಯಿಂದಲೂ ಬಂದಿತ್ತು, ಗಂಟಲಿನಿಂದಲೂ ಬಂದಿತ್ತು. ಆಗಷ್ಟೇ ನೌಕರಿಗೆ ಸೇರಿದ ನಾನು ಹುಡುಗಿಯರ ಲೆಕ್ಕದಲ್ಲಿ 'ಸಣ್ಣ ಬಾಯಿ'. ಅದೂ ಸರಿಯೇ. ಅವರೆದುರು ನನ್ನ ಬಾಯಿ ತೆರೆದದ್ದು ಕಡಿಮೆ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಕನ್ನಡ ಶಾಲೆಗಳಿಗೆ ಕಲಿಸುವವರು ಸಾಲದೆ ದೂರದೂರದಿಂದ ಬಂದರು. ಇವರು ಬಂದದ್ದು ಕಾರವಾರದ ಕಡೆಯಿಂದ. ಉದ್ದನೆಯ ಒಣಕಲು ದೇಹ, ಗಂಜಿ ಹಾಕಿದ ಬಿಳಿ ಸೀರೆ, ಬಿಸಿಲಿರಲಿ ಇಲ್ಲದಿರಲಿ ಕೈಯಲ್ಲೊಂದು ಕರಿ ಕೊಡೆ. ಬಟ್ಟೆಯ ಟ್ರಂಕು ಬಸ್ಸಿನ ಮೇಲಿತ್ತು. ನಾಲ್ಕು ಬಿದಿರಿನ ಬುಟ್ಟಿಗಳು ಮಾತ್ರ ಒಳಗೆ, ಸೀಟಿನ ಮೇಲೆ. ಅವಕ್ಕೂ ಟಿಕೆಟ್ ತೆಗೆಸಿದ್ದರಂತೆ. ನಿಂತುಕೊಂಡು ಬಂದ ಪ್ರಯಾಣಿಕರು ಹುಮನಾಬಾದಿನವರೆಗೂ ಆ ಬುಟ್ಟಿಗಳನ್ನು ದಿಟ್ಟಿಸುತ್ತ ಬಂದರೆಂದು ಕಂಡಕ್ಟರನೇ ಊರಿಗೆಲ್ಲ ಹೇಳಿದ.

ಬುಟ್ಟಿಯಲ್ಲಿದ್ದದ್ದು ಆರ್ಕಿಡ್ ಗಿಡಗಳು. ಅವರ ಕಡೆ ಮರದ ಕೊಂಬೆಗಳ ಮೇಲೆ ತಾವೇ ತಾವಾಗಿ ಬೆಳೆದು, ಮಳೆಗಾಲದ ಮೊದಲಿಗೆ ಗುಲಾಬಿ ಚುಕ್ಕೆಯ ಉದ್ದ ಗೊನೆ ಇಳಿಬಿಡುವ ಸೀತಾಳೆದಂಡೆ, ಜೊತೆಗೆ ಬುಡದಲ್ಲಿ ಹಸಿರು ಗಡ್ಡೆಗಳಿದ್ದ ಇನ್ನೂ ಒಂದೆರಡು ಜಾತಿ. ಅವುಗಳನ್ನು ತೆಂಗಿನ ನಾರಿಗೆ ಕಟ್ಟಿ ಬಾಡಿಗೆ ಮನೆಯ ಪಡಸಾಲೆಯ ತುಂಬ ತಂತಿಯಿಂದ ತೂಗುಹಾಕಿದರು. ಮೋಟು ಗೋಡೆಯಾಚೆ ಇದ್ದವಳು ಗುರಮ್ಮ. ಅದೇ ಮಾಲೀಕರ ಹಿಂದಿನ ಎರಡು ಖೋಲಿಯಲ್ಲಿ ಬಾಡಿಗೆಗಿದ್ದ ವಿಧವೆ. ಊರಿನಲ್ಲಿ ದೊಡ್ಡ ಬಾಯಿಗೆ ಸಮನಾದ ಗಂಟಲು ಯಾರಿಗಾದರೂ ಇದ್ದರೆ ಅದು ಇವಳಿಗೆ. ಮೊದಲ ದಿನವೇ ಗೋಡೆಯ ಮೇಲಿಂದ ಇಣುಕಿದಳು.

"ಇವೇನ್ರಿ ಬಾಯಿ, ಉಳ್ಳಾಗಡ್ಡಿ ಗಿಡಾ? ಮಣ್ಣ ಇಲ್ದ ಹ್ಯಾಂಗ ಬದಕ್ತಾವ?"

"ಇದು ಉಳ್ಳಾಗಡ್ಡಿಯಲ್ಲ, ಆರ್ಕಿಡ್. ಗಾಳಿಯಲ್ಲಿಯೇ ಬದುಕುತ್ತದೆ."

"ಬರೇ ಗಾಳಿ ತಿಂದು? ಅಯ್ಯ, ಹಂಗಂದ್ರ ನಮ್ಮ ಮಾಲೀಕರ ಆಳುಗಳ ಗತೆ ಅನ್ರಿ."

ದೊಡ್ಡ ಬಾಯಿ ನಗಲಿಲ್ಲ. 'ಗತೆ' ಎಂಬ ಶಬ್ದ ಅಲ್ಲಿ ಸರಿಯಲ್ಲ, 'ಹಾಗೆ' ಎನ್ನಬೇಕು ಎಂದು ತಿದ್ದಿದರು.

ತಿದ್ದುವುದು ಅವರ ಉಸಿರಾಟ. ಹುಡುಗಿಯೊಬ್ಬಳು "ಖಿಡಕಿ ಹಾಕ್ಲೇನ್ರಿ ಬಾಯಿ?" ಎಂದು ಕೇಳಿದರೆ, ಹೊರಗಿನ ಬಿರುಗಾಳಿಯ ಧೂಳೆಲ್ಲ ಒಳಗೆ ಬಂದು ನಾವೆಲ್ಲ ಕೆಮ್ಮುತ್ತಿದ್ದರೂ ಸರಿ, ಅವಳು 'ಕಿಟಕಿ' ಎನ್ನುವ ತನಕ ಕಿಟಕಿ ಮುಚ್ಚುತ್ತಿರಲಿಲ್ಲ. ನಮ್ಮ ಮಾತಿನಲ್ಲಿ ಉರ್ದು, ಮರಾಠಿ ತೆಗೆದರೆ ಉಳಿಯುವುದು ಉಸಿರೊಂದೇ. ಹಾಗಾಗಿ ಅವರ ತರಗತಿಯಲ್ಲಿ ಹುಡುಗಿಯರು ಹೆಚ್ಚಾಗಿ ಉಸಿರನ್ನಷ್ಟೇ ಆಡುತ್ತಿದ್ದರು.

ನಮ್ಮ ಊರಿನ ಬೇಸಿಗೆ ಸೀತಾಳೆದಂಡೆಗೆ ತಕ್ಕುದಲ್ಲ. ಅದು ಗಿಡಕ್ಕೆ ಗೊತ್ತಿತ್ತು, ನಮಗೆ ಗೊತ್ತಿತ್ತು, ಅವರಿಗೆ ಮಾತ್ರ ಒಪ್ಪಿಗೆಯಿರಲಿಲ್ಲ. ಪಡಸಾಲೆಯ ಸುತ್ತ ಗೋಣಿತಟ್ಟು ಕಟ್ಟಿ ದಿನಕ್ಕೆ ಮೂರು ಸಲ ನೀರು ಎರಚುತ್ತಿದ್ದರು. ಓಣಿಯ ಹೆಂಗಸರು ಬಾವಿಯ ಹತ್ತಿರ ಕೊಡಕ್ಕಾಗಿ ಜಗಳಾಡುವ ಹೊತ್ತಿನಲ್ಲಿ ಇವರ ಗೋಣಿತಟ್ಟು ತಂಪಾಗಿ ತೊಟ್ಟಿಕ್ಕುತ್ತಿತ್ತು. ಗಿಡಗಳು ಸಾಯಲಿಲ್ಲ, ನಿಜ. ಆದರೆ ಆ ತೇವದ ಬೆಚ್ಚಗಿನ ಮರೆ ಗಿಡಕ್ಕಿಂತ ಹುಳಗಳಿಗೆ ಹೆಚ್ಚು ಹಿಡಿಸಿತು.

ಮೊದಲು ಬಂದವು ಎಲೆಯ ನಡುನರದ ಮೇಲೆ ಗಾಯದ ಹಕ್ಕಳೆಯಂತೆ ಅಂಟಿಕೊಳ್ಳುವ ಕಂದು ಹುಳಗಳು. "ನಮ್ಮ ಕಡೆ ಇಂಥವು ಇರಲೇ ಇಲ್ಲ. ಇದು ಈ ಊರಿನ ಹುಳ" ಎಂದು ದೊಡ್ಡ ಬಾಯಿ ಘೋಷಿಸಿದರು. ಊರಿನ ಹುಳವನ್ನು ಊರಿನವರೇ ತೆಗೆಯುವುದು ನ್ಯಾಯವಷ್ಟೆ. ಶನಿವಾರ ಶಾಲೆ ಬಿಟ್ಟಮೇಲೆ ನಾವು ಶಿಕ್ಷಕಿಯರೆಲ್ಲ ಅವರ ಪಡಸಾಲೆಯಲ್ಲಿ ಹಾಜರಾಗಬೇಕಿತ್ತು. ಒಬ್ಬೊಬ್ಬರಿಗೆ ಒಂದೊಂದು ಗಿಡ, ಒಂದು ಹತ್ತಿಯುಂಡೆ, ದವಾಖಾನೆಯಿಂದ ತಂದ ಸ್ಪಿರಿಟ್ಟಿನ ಬಾಟಲಿ. ಉಗುರಿನಿಂದ ಹುಳ ಕೆರೆದು, ಆ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ, ಎಲೆಯನ್ನು ಬೆಳಕಿಗೆ ಹಿಡಿದು ತೋರಿಸಬೇಕು. ಅವರು ಕನ್ನಡಕ ಏರಿಸಿ ನೋಡಿ "ಮತ್ತೊಮ್ಮೆ" ಎನ್ನುತ್ತಿದ್ದರು. ಇದಕ್ಕೆ ಅವರು ಶ್ರಮದಾನ ಎಂದು ಹೆಸರಿಟ್ಟಿದ್ದರು. ಶ್ರಮ ನಮ್ಮದು, ದಾನ ಅವರಿಗೆ.

ಸ್ಪಿರಿಟ್ಟು ಸಿಗದ ದಿನಗಳಲ್ಲಿ ಅಂಟವಾಳದ ನೊರೆ, ಅದೂ ನಾಟದಿದ್ದರೆ ತಂಬಾಕು. ಒಂದು ಶನಿವಾರ ಹಂಡೆಯಲ್ಲಿ ತಂಬಾಕು ಕುದಿಸಿದರು. ಘಾಟಿಗೆ ನನ್ನ ಸಹೋದ್ಯೋಗಿಯೊಬ್ಬಳು ತಲೆ ತಿರುಗಿ ಕುಸಿದಳು. ಬೀದಿಯಲ್ಲಿ ಹೋಗುತ್ತಿದ್ದ ಟಾಂಗಾದವನು ಬಾಗಿಲಲ್ಲಿ ಇಣುಕಿ, "ಒಳಗ ಹುಕ್ಕಾ ನಡದದೇನ್ರಿ? ನಾವೂ ಬರಬಹುದಾ?" ಎಂದ. ದೊಡ್ಡ ಬಾಯಿ ಮೂರ್ಛೆ ಹೋದವಳ ಮುಖಕ್ಕೆ ನೀರು ಚಿಮುಕಿಸಿ, ಅವಳ ಕೈಯಿಂದ ಗಿಡ ಬೀಳಲಿಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡರು. ಎರಡರಲ್ಲಿ ಯಾವುದನ್ನು ಮೊದಲು ಮಾಡಿದರು ಎಂಬುದನ್ನು ನಾನು ಹೇಳುವುದಿಲ್ಲ.

ಇನ್ನೊಂದು ವರ್ಷ ಮಲೇರಿಯಾದವರು ಡಿಡಿಟಿ ಹೊಡೆಯಲು ಮನೆಮನೆಗೆ ಬಂದರು. ಗೋಡೆಯೆಲ್ಲ ಬೆಳ್ಳಗಾಗುತ್ತದೆಂದು ಊರಿನವರು ಬಾಗಿಲು ಹಾಕಿಕೊಂಡು, ಒಳಗಿನಿಂದಲೇ "ಮನ್ಯಾಗ ಯಾರೂ ಇಲ್ರಿ" ಎಂದು ಕೂಗುತ್ತಿದ್ದ ಕಾಲ. ಇಡೀ ಓಣಿಯಲ್ಲಿ ಆ ಮನುಷ್ಯರಿಗೆ ಕುರ್ಚಿ ಹಾಕಿ ಕೂರಿಸಿದ್ದು ನಮ್ಮ ದೊಡ್ಡ ಬಾಯಿಯೊಬ್ಬರೇ. ಗೋಡೆಗೆ ಬೇಡ, ಗಿಡಕ್ಕೆ ಹೊಡೆಯಿರಿ ಎಂದರು. "ಬಾಯಿ, ನಮಗ ಗ್ವಾಡಿಗೆ ಹೊಡೀಲಾಕ ಹುಕುಂ ಅದರಿ, ಗಿಡಕ್ಕ ಇಲ್ರಿ" ಎಂದ ಅವರಲ್ಲೊಬ್ಬ. 'ಹುಕುಂ ಅಲ್ಲ, ಆಜ್ಞೆ' ಎಂದು ತಿದ್ದಿ, ತಾವೇ ಆಜ್ಞೆ ಮಾಡಿ ಹೊಡೆಸಿದರು. ಗಿಡಗಳು ಸುಣ್ಣ ಬಳಿದಂತಾದವು. ಕೆಲವು ಎಲೆ ಸುಟ್ಟವು. ಹುಳ ತಿನ್ನುವ ಜೇಡ, ಗುಲಗಂಜಿ ಹುಳಗಳೆಲ್ಲ ಸತ್ತುಬಿದ್ದವು. ಅವುಗಳ ಕಾಟ ತಪ್ಪಿದ ಖುಷಿಗೋ ಏನೋ, ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಎಲೆಯಡಿ ಕೆಂಪು ನುಸಿ ಬಲೆ ಕಟ್ಟಿ ಸಂಸಾರ ಹೂಡಿತ್ತು. "ಈ ಊರಿನ ಧೂಳೇ ಇಷ್ಟಕ್ಕೆಲ್ಲ ಕಾರಣ" ಎಂದರು ದೊಡ್ಡ ಬಾಯಿ.

ಒಳ್ಳೆಯದರ ಸರದಿ ಈಗ ಬಂತು. ಹುಡಗಿ ಎಂಬ ಊರಿನ ಕಡೆಯಿಂದ ಕೂಲಿ ಮನೆತನವೊಂದು ಬಸವಕಲ್ಯಾಣಕ್ಕೆ ಬಂದು ನೆಲೆಸಿತ್ತು. ಬಾಬಾಸಾಹೇಬರ ಹಾದಿ ಹಿಡಿದು ಬೌದ್ಧರಾದವರು. ಅವರ ಮಗಳು ನಮ್ಮ ಶಾಲೆಗೆ ಸೇರಿದಳು. ತಲೆ ತುಂಬ ಹೇನು. ಹೇನು ಯಾರ ತಲೆಯಲ್ಲಿರಲಿಲ್ಲ? ಆದರೆ ಬೇರೆಯವರ ತಲೆಯ ಹೇನಿಗೆ ಬರೀ ಹೇನೆನ್ನುತ್ತಿದ್ದ ನಮ್ಮಲ್ಲಿನ ಒಬ್ಬ ಹಿರಿಯ ಶಿಕ್ಷಕಿ, ಈ ಹುಡುಗಿಯ ಹೇನನ್ನು ನೆಪ ಮಾಡಿಕೊಂಡು, ಅವಳನ್ನು ಬಾಗಿಲ ಹೊರಗೆ ಕೂರಿಸಿದಳು. ದೊಡ್ಡ ಬಾಯಿ ಅದನ್ನು ಕಂಡರು. ಹುಡುಗಿಯ ಕೈ ಹಿಡಿದು ಒಳಗೆ ತಂದು, ತಮ್ಮ ಕುರ್ಚಿಯ ಮುಂದೆ ಕೂರಿಸಿಕೊಂಡು, ತಲೆಯನ್ನು ತೊಡೆಗೆ ಒರಗಿಸಿ, ತಾವೇ ಹಣಿಗೆ ಹಿಡಿದು ಹೆಕ್ಕತೊಡಗಿದರು. ಹೆಕ್ಕುತ್ತಲೇ ಅವಳ ಮಗ್ಗಿ ಕೇಳಿದರು, ತಪ್ಪಿದ್ದಕ್ಕೆ ತಲೆಗೆ ಮೊಟಕಿದರು. ಆ ಹಿರಿಯ ಶಿಕ್ಷಕಿಯನ್ನು ಕರೆದು, "ಎಡಗಡೆ ನೀವು ನೋಡಿ, ನನಗೆ ಆ ಕಣ್ಣು ಮಂಜು" ಎಂದರು. ಅವರ ಕಣ್ಣು ಎರಡೂ ನೆಟ್ಟಗಿದ್ದವೆಂದು ನಮಗೆಲ್ಲ ಗೊತ್ತಿತ್ತು. ಶಿಕ್ಷಕಿ ಬಂದು ಕೂತಳು. ಹುಡುಗಿ ಅಂದಿನಿಂದ ಮೊದಲ ಸಾಲಿನಲ್ಲಿ ಕೂತಳು. ಇದು ಅವರ ದಯೆಯೋ, ಹುಳ ಕಂಡರೆ ಕೈ ಕಟ್ಟಿ ಕೂರಲಾಗದ ಅವರ ಚಟವೋ ಎಂದು ನಾವು ಹಿಂದಿನಿಂದ ನಗಾಡಿದೆವು. ಆದರೆ ನಮ್ಮಲ್ಲಿ ಯಾರೂ ಆ ಕೆಲಸ ಮಾಡಿರಲಿಲ್ಲವೆಂಬುದು ನಿಜ.

ಇಷ್ಟು ಸಾಕು, ಮತ್ತೆ ಹಳೆಯ ದಾರಿಗೆ ಬರುತ್ತೇನೆ.

ಒಂದು ರಜೆಯಲ್ಲಿ ಊರಿಗೆ ಹೋದವರು ತಮ್ಮ ಅಣ್ಣನ ಹೆಂಡತಿ ಕೊಟ್ಟ ಹೊಸದೊಂದು ಸೀತಾಳೆದಂಡೆ ತಂದರು. ದೊಡ್ಡ ಗಿಡ, ದಪ್ಪ ಬೇರು. "ಅತ್ತಿಗೆಯ ಕೈಗುಣವೇ ಬೇರೆ. ನೋಡಿ, ಎಲೆಯಲ್ಲಿ ಒಂದು ಚುಕ್ಕೆ ಇಲ್ಲ" ಎಂದು ಬಂದವರಿಗೆಲ್ಲ ತೋರಿಸಿದರು. ಆ ವರ್ಷವೇ ಹಿಟ್ಟುತಿಗಣೆ ಕಾಣಿಸಿತು. ಎಲೆಯ ಸಂದಿಯಲ್ಲಿ ಹತ್ತಿಯ ಎಳೆಯಂತೆ, ಯಾರೋ ಚಿಟಿಕೆ ಹಿಟ್ಟು ಉದುರಿಸಿದಂತೆ ಬೆಳ್ಳಗೆ. ಮುಟ್ಟಿದರೆ ಅಂಟು, ಅಂಟಿಗೆ ಇರುವೆ. ಒರೆಸಿದರೆ ಹತ್ತು ದಿನಕ್ಕೆ ಮತ್ತೆ ಹಾಜರು.

ದೊಡ್ಡ ಬಾಯಿ ಇರುವೆಯ ಸಾಲನ್ನು ಹಿಂಬಾಲಿಸಿದರು. ಸಾಲು ಮೋಟು ಗೋಡೆ ಹತ್ತಿ ಆಚೆ ಇಳಿದು ಗುರಮ್ಮನ ಸೀತಾಫಲದ ಗಿಡಕ್ಕೆ ಹೋಗಿತ್ತು. ನೋಡಿದರೆ ಅಲ್ಲಿಯೂ ಎಲೆಯ ಬುಡದಲ್ಲಿ ಅಷ್ಟಿಷ್ಟು ಬಿಳುಪು. ಅಷ್ಟೇ ಸಾಕಾಯಿತು.

ಆ ಸೀತಾಫಲ ಗುರಮ್ಮನ ಮಗಳಷ್ಟೇ ವಯಸ್ಸಿನದು. ಮಗಳನ್ನು ನಿರ್ಣಾ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದಳು. ವರ್ಷವರ್ಷವೂ ದಸರೆಯ ಹೊತ್ತಿಗೆ ಒಂದು ಪುಟ್ಟಿ ಹಣ್ಣು ತಲೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿ ಮಗಳ ಮನೆಗೆ ಹೋಗುವುದು ಅವಳ ದೊಡ್ಡಸ್ತಿಕೆ. ಬೀಗರು ಉಳ್ಳವರು. ಅವರ ಹೊಸ್ತಿಲಲ್ಲಿ ಇವಳ ಕೈಯಲ್ಲಿ ಆ ಪುಟ್ಟಿಯೊಂದಿದ್ದರೆ ಮಾತು ನೇರವಾಗಿ ಬರುತ್ತಿತ್ತು.

"ನಿಮ್ಮ ಗಿಡದಿಂದ ನನ್ನ ಗಿಡಕ್ಕೆ ಹುಳ ಬರುತ್ತಿದೆ" ಎಂದರು ದೊಡ್ಡ ಬಾಯಿ ಗೋಡೆಯ ಈ ಕಡೆಯಿಂದ.

"ನಿಮ್ದೂ ಸೀತಮ್ಮನ ದಂಡಿ, ನಮ್ದೂ ಸೀತಮ್ಮನ ಹಣ್ಣ. ಒಬ್ಬ ತಾಯಿ ಮಕ್ಕಳು ಬಾಯಿ, ಹೋಗಿ ಬಂದು ಮಾಡ್ತಾವ. ಇಷ್ಟ ವರ್ಷ ನನ್ನ ಗಿಡಕ್ಕ ಹಿಟ್ಟ ಬಡದಿರಲಿಲ್ಲ. ಈಗ ಯಾಕ ಬಂತು, ನೀವ ಹೇಳ್ರಿ."

ಆ ಪ್ರಶ್ನೆಗೆ ಉತ್ತರ ಹುಡುಕಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು. ಆದರೆ ಪ್ರಶ್ನೆ ಕೇಳುವುದು ದೊಡ್ಡ ಬಾಯಿಯ ಕೆಲಸ, ಉತ್ತರಿಸುವುದಲ್ಲ. ಅವರು ನೇರವಾಗಿ ಮಾಲೀಕರ ಅಡತಿ ಅಂಗಡಿಗೆ ಹೋದರು. ಮಾಲೀಕರ ಹೆಣ್ಣುಮಕ್ಕಳೆಲ್ಲ ಇವರ ಕೈಕೆಳಗೆ ಕಲಿತವರು. ಕಾರವಾರದ ಶುದ್ಧ ಕನ್ನಡದಲ್ಲಿ ಇವರು ಅರ್ಧ ಗಂಟೆ ಮಾತಾಡಿದರೆ ಅವರು ಅರ್ಥವಾಗದ್ದಕ್ಕೆಲ್ಲ ಹೂಂಗುಟ್ಟುವ ಮನುಷ್ಯ. ಗಿಡ ಕಡಿಸುವುದಕ್ಕೂ ಹೂಂ ಎಂದುಬಿಟ್ಟರು.

ವಿಷಯ ತಿಳಿದು ನಾನು ಎಂದಿಲ್ಲದ ಧೈರ್ಯ ಮಾಡಿದೆ. "ಬಾಯಿ, ಗಿಡಾ ಕಡಸಬ್ಯಾಡ್ರಿ. ಕಾಯಿ ಇನ್ನಾ ಕಣ್ಣ ಬಿಟ್ಟಿಲ್ಲ. ಹಣ್ಣರೆ ಇಳಸಿಕೊಳ್ಳಲಿ."

"ಹಣ್ಣಾಗುವ ತನಕ ಕಾದರೆ ತತ್ತಿ ಒಡೆದು ನನ್ನ ಗಿಡವೆಲ್ಲ ಮುಗಿಯುತ್ತದೆ" ಎಂದರು. "ಮತ್ತು 'ಇನ್ನಾ' ಅಲ್ಲ, 'ಇನ್ನೂ'."

ಗಣಪತಿ ಕಳಿಸಿದ ಮರುವಾರ ಕೊಡಲಿ ಬಿತ್ತು. ಗುರಮ್ಮ ಕಟ್ಟೆಯ ಮೇಲೆ ಕೂತು ನೋಡಿದಳು. ಬೈಯುತ್ತಾಳೆಂದು ಓಣಿಯವರೆಲ್ಲ ಸೇರಿದ್ದರು. ಅವಳು ಉದುರಿದ ಎಳೆಗಾಯಿಗಳನ್ನು ಉಡಿಯಲ್ಲಿ ತುಂಬಿಕೊಂಡು ಒಳಗೆ ಹೋದಳು. ಕಲ್ಲಿನಂಥ ಕಾಯಿ, ಜೋಳದಲ್ಲಿ ಮುಚ್ಚಿಟ್ಟರೂ ಹಣ್ಣಾಗುವಂಥದಲ್ಲ. ಆ ದಸರೆಗೆ ಅವಳು ನಿರ್ಣಾಕ್ಕೆ ಹೋಗಲಿಲ್ಲ. ಮಗಳೇ ಬಂದಳು. ಬೀಗರ ಮನೆಯಲ್ಲಿ ಏನೋ ಅಂದರಂತೆ, ಗೋಡೆಯಾಚೆ ತಾಯಿಮಗಳ ಅಳು ಕೇಳಿಸಿತು. ದೊಡ್ಡ ಬಾಯಿ ಪಡಸಾಲೆಯಲ್ಲಿ ಗಿಡ ಒರೆಸುತ್ತ, ಸ್ವಲ್ಪ ಹೊತ್ತು ಕೈ ನಿಲ್ಲಿಸಿ, ಮತ್ತೆ ಒರೆಸತೊಡಗಿದರು.

ಹುಳ ಹೋಯಿತೇ? ಎಲ್ಲಿಗೆ ಹೋದೀತು? ಮೊದಮೊದಲು "ಹಳೆಯ ತತ್ತಿಗಳು" ಎಂದರು. ಆಮೇಲೆ "ಬುಡ ಇನ್ನೂ ಇದೆಯಲ್ಲ" ಎಂದರು. ಆಮೇಲೆ ಆ ಮಾತೇ ಎತ್ತಲಿಲ್ಲ. ಅಷ್ಟರಲ್ಲಿ ಹುಮನಾಬಾದಿಗೆ ವರ್ಗವಾಯಿತು. ಗಿಡಗಳು ಮತ್ತೆ ಬಸ್ಸಿನ ಸೀಟು ಹತ್ತಿದವು. ಓಣಿಯ ಬಾವಿಗೆ ನೀರು ಹೆಚ್ಚಿತು.

ನನ್ನ ತವರು ಚಿಟಗುಪ್ಪ. ಹುಮನಾಬಾದಿನಲ್ಲಿ ಬಸ್ಸು ಬದಲಾಯಿಸಬೇಕು. ಒಂದು ಭಾನುವಾರ ಹಾಗೆ ಇಳಿದಾಗ ಬಸ್ ಸ್ಟ್ಯಾಂಡಿನಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ದೊಡ್ಡ ಬಾಯಿಯ ಕಣ್ಣಿಗೆ ಬಿದ್ದೆ. ಮನೆಗೆ ಬನ್ನಿ ಎಂದರು. ಅವರ 'ಬನ್ನಿ'ಗೆ ಇಲ್ಲವೆನ್ನುವ ಪದ ನಮ್ಮ ಕನ್ನಡದಲ್ಲಿರಲಿಲ್ಲ.

ಮಾಳಿಗೆಯ ಮೇಲಿನ ಮನೆ. ಸುತ್ತಲೂ ಪೇಟೆಯ ಅಂಗಡಿಗಳ ತಗಡು, ಕಲ್ಲುಚಪ್ಪಡಿ. ಕಣ್ಣು ಹಾಯುವಷ್ಟು ದೂರ ಒಂದು ಹಸಿರು ಎಲೆಯಿಲ್ಲ. ಗಿಡಗಳು ಕಿಟಕಿಯ ಹತ್ತಿರ ತೂಗುತ್ತಿದ್ದವು. ಎಲೆಯ ಸಂದಿಯಲ್ಲಿ ಅದೇ ಬಿಳಿ ಹತ್ತಿ.

ನನಗೆ ತಡೆಯಲಾಗಲಿಲ್ಲ. "ಇಲ್ಲಿ ಸೀತಾಫಲ ಇಲ್ಲಲ್ರಿ ಬಾಯಿ" ಎಂದೆ.

"ನನಗೂ ಕಣ್ಣಿದೆ" ಎಂದರು. ಅತ್ತಿಗೆ ಕೊಟ್ಟ ಆ ದೊಡ್ಡ ಗಿಡವನ್ನು ಇಳಿಸಿದರು. ಎಲೆಗಳನ್ನು ಅಷ್ಟು ವರ್ಷ ಉಜ್ಜಿ ಉಜ್ಜಿ ಕನ್ನಡಿಯಾಗಿಸಿದ್ದರು. ಬೇರಿಗೆ ಸುತ್ತಿದ ನಾರನ್ನು ಮಾತ್ರ ಎಂದೂ ಬಿಚ್ಚಿರಲಿಲ್ಲ, ಅತ್ತಿಗೆ ಕಟ್ಟಿಕೊಟ್ಟದ್ದೆಂದು. ಈಗ ತಂತಿ ಕತ್ತರಿಸಿ ನಾರು ಬಿಡಿಸಿದರು. ಒಳಗೆ ಬೇರು ಕಾಣುತ್ತಿರಲಿಲ್ಲ. ಬೆಳ್ಳಗೆ ಹಿಟ್ಟಿನ ಗೂಡು, ಗೂಡಿನೊಳಗೆ ತತ್ತಿ, ಮರಿ, ಮುದುಕ ಎಲ್ಲವೂ ಸೇರಿ ನೆಮ್ಮದಿಯ ಸಂಸಾರ. ಅದು ಮೊನ್ನೆ ಮೊನ್ನೆ ಬಂದು ಇಳಿದದ್ದಲ್ಲವೆಂದು ಯಾರಿಗೂ ತಿಳಿಯುವಂತಿತ್ತು.

"ಅತ್ತಿಗೆಯ ಕೈಯೇ ಹಾಗೆ" ಎಂದರು ಮೊದಲು, ಅಭ್ಯಾಸಬಲದಿಂದ. ಆಮೇಲೆ ಗಿಡವನ್ನು ಕೈಯಲ್ಲಿಟ್ಟುಕೊಂಡೇ ಕೂತರು. "ಇದು ಬಂದ ವರ್ಷವೇ ಅಲ್ಲವೇ..." ಎಂದು ಶುರು ಮಾಡಿದ ವಾಕ್ಯವನ್ನು ಮುಗಿಸಲಿಲ್ಲ. ಅವರು ಅರ್ಧ ವಾಕ್ಯ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎದ್ದು ಹೋಗಿ ಗಿಡವನ್ನು ನಾರಿನ ಸಮೇತ ಒಲೆಗೆ ಹಾಕಿದರು. ಹಸಿ ಬೇರು ಚಟಚಟ ಎಂದಿತು.

"ಬಸವಕಲ್ಯಾಣಕ್ಕೆ ಬಸ್ಸು ಯಾವಾಗ?"

"ಬಾಯಿ, ನಾ ಚಿಟಗುಪ್ಪಕ್ಕ ಹೊಂಟೀನ್ರಿ. ಅವ್ವ ಹಾದಿ ನೋಡಾಕತ್ತಿರ್ತಾಳ."

"ಚಿಟಗುಪ್ಪ ಎಲ್ಲಿಯೂ ಓಡಿಹೋಗುವುದಿಲ್ಲ. ನಡೆಯಿರಿ."

ಹೂ ಬಿಟ್ಟಿದ್ದ ಒಂದು ಸೀತಾಳೆದಂಡೆಯ ನಾರನ್ನೆಲ್ಲ ಬಿಚ್ಚಿ, ಬೇರು ತೊಳೆದು, ಎರಡೆರಡು ಸಲ ನೋಡಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತರು. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ಭಾಷಣ ತಯಾರಾಗುತ್ತಿದೆಯೆಂದು ನನಗೆ ಗೊತ್ತಾಯಿತು.

ಗುರಮ್ಮ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾರು?"

"ನಾನು, ಬಾಯಿ."

"ಯಾವ ಬಾಯಿ? ಊರಾಗ ಬಾಯಿ ಭಾಳ ಅವ."

ದೊಡ್ಡ ಬಾಯಿ ಸೆರಗು ಸರಿಮಾಡಿಕೊಂಡರು. "ಗುರಮ್ಮನವರೇ, ನನ್ನಿಂದ ಪ್ರಮಾದವಾಗಿದೆ."

ಗುರಮ್ಮ ನನ್ನತ್ತ ತಿರುಗಿದಳು. "ಸಣ್ಣ ಬಾಯಿ, ಏನ್ ಆಗ್ಯದಂತ ಇವರಿಗಿ? ದವಾಖಾನಿಗಿ ತೋರಿಸ್ಯಾರೇನು?"

ಅವಳಿಗೆ ನಿಜಕ್ಕೂ ತಿಳಿಯಲಿಲ್ಲವೋ, ಬೇಕೆಂದೇ ಕೇಳಿದಳೋ, ಇಂದಿಗೂ ನನಗೆ ಗೊತ್ತಿಲ್ಲ. ದೊಡ್ಡ ಬಾಯಿ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಭಾಷಣವೆಲ್ಲ ಆ ಒಂದು ಮಾತಿಗೆ ಉದುರಿಹೋಯಿತು. ಬಿಸಿಲಿನಲ್ಲಿ ನಿಂತು, ಗಿಡವನ್ನು ಎದೆಗೆ ಹಿಡಿದು, ಪರದೇಶದ ಶಬ್ದವನ್ನು ಮೊದಲ ಸಲ ನಾಲಿಗೆಯ ಮೇಲೆ ಇಟ್ಟುಕೊಂಡವರಂತೆ ಹೇಳಿದರು:

"ಗಲತಿ ಆಯಿತು. ಹುಳ ನಿಮ್ಮದಲ್ಲ, ನನ್ನದು. ಮಾಫಿ ಮಾಡಿ."

ಗುರಮ್ಮ ಮೊರವನ್ನು ಕೆಳಗಿಟ್ಟಳು. ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಮಾಫಿ ಒಳ್ಳೇದು ಬಾಯಿ. ಆದರ ಅದನ್ನ ಎಲ್ಲಿ ನೆಡ್ಲಿ? ಹಣ್ಣ ಬಿಡ್ತದೇನು?"

ದೊಡ್ಡ ಬಾಯಿ ಕೈಯಲ್ಲಿದ್ದ ಗಿಡ ಮುಂದೆ ಹಿಡಿದರು. ಗುಲಾಬಿ ಗೊನೆ ಅವರ ಮೊಣಕೈವರೆಗೆ ಇಳಿಬಿದ್ದಿತ್ತು. ಅದಕ್ಕಿಂತ ಹೆಚ್ಚಿನದು ಅವರ ಮನೆಯಲ್ಲಿ ಇನ್ನೇನೂ ಇರಲಿಲ್ಲವೆಂದು ನಾನು ಬಲ್ಲೆ.

"ಇದರಾಗ ಎಷ್ಟ ಹುಳಾ ಅವ?"

"ಒಂದೂ ಇಲ್ಲ. ನಾನೇ ತೊಳೆದಿದ್ದೇನೆ."

"ಆವಾಗೂ ಹಂಗ ಅಂತಿದ್ರಿ. ಬ್ಯಾಡ, ನಿಮ್ಮ ಗಾಳಿ ತಿನ್ನೂ ಗಿಡಾ ನಿಮ್ಮ ಕಡೇನ ಇರ್ಲಿ. ಇಲ್ಲಿ ಬರ್ರಿ."

ಹಿತ್ತಲಿಗೆ ಕರೆದುಕೊಂಡು ಹೋದಳು. ಕಡಿದ ಬೊಡ್ಡೆಯ ಸುತ್ತ ಸೀತಾಫಲದ ಚಿಗುರು ಎದ್ದು, ಆಗಲೇ ಎದೆಯೆತ್ತರ ಬೆಳೆದಿತ್ತು. ಗುರಮ್ಮ ಒಂದು ಎಲೆ ಮಗುಚಿದಳು. ಅಡಿಯಲ್ಲಿ ಬಿಳಿ ಹಿಟ್ಟು.

"ಇವು ನಿಮ್ಮವು. ನೀವು ಊರ ಬಿಟ್ರಿ, ಇವ ಬಿಡಲಿಲ್ಲ. ಒಯ್ರಿ."

ದೊಡ್ಡ ಬಾಯಿ ನನ್ನ ಕೈಗೆ ಆರ್ಕಿಡ್ ಕೊಟ್ಟರು. ಕೊಡೆಯನ್ನು ಗೋಡೆಗೆ ಆನಿಸಿದರು. ಚೀಲದಿಂದ ಹತ್ತಿಯುಂಡೆ, ಸ್ಪಿರಿಟ್ಟಿನ ಬಾಟಲಿ ಹೊರಬಂದವು. ಬೇರೆ ಹೆಂಗಸರ ಚೀಲದಲ್ಲಿ ಎಲೆಯಡಿಕೆ ಇರುವ ಹಾಗೆ ಇವರ ಚೀಲದಲ್ಲಿ ಅವು ಸದಾ ಇರುತ್ತಿದ್ದವು. ಗಂಜಿ ಹಾಕಿದ ಸೀರೆಯ ಕಚ್ಚೆ ಸಿಕ್ಕಿಸಿ ನೆಲಕ್ಕೆ ಕೂತರು. ಒಂದೊಂದೇ ಎಲೆ ಹಿಡಿದು ಒರೆಸತೊಡಗಿದರು. ಗುರಮ್ಮ ಸೊಂಟದ ಮೇಲೆ ಕೈಯಿಟ್ಟು ಮೇಲೆ ನಿಂತಳು.

"ಅಲ್ಲೊಂದ ಉಳೀತು. ಎಡಕ್ಕ. ಎಡಕ್ಕ ಅಂದ್ರ ಯಾವ ಕಡೆ ಅಂತ ಗೊತ್ತದ ಇಲ್ಲ? ಸಾಲಿ ಕಲಸ್ತೀರಿ."

ಕಲಿಸುವವರು ತಿದ್ದಲಿಲ್ಲ, ತಿದ್ದಿಸಿಕೊಂಡರು. ಅವರ ಜೊತೆ ಕೆಲಸ ಮಾಡಿದ ಅಷ್ಟೂ ವರ್ಷದಲ್ಲಿ ನನಗೆ ಅಷ್ಟು ಸಂತೋಷದ ಮಧ್ಯಾಹ್ನ ಇನ್ನೊಂದು ಸಿಕ್ಕಿಲ್ಲ. ಮುಗಿದಾಗ ಅವರ ಮೊಣಕಾಲು ಮೇಲೆ ಏಳಲೊಲ್ಲದು, ನಾನು ಕೈ ಕೊಟ್ಟೆ. ಗುರಮ್ಮ ಚಹಾ ಮಾಡಲಿಲ್ಲ. ನೀರು ಮಾತ್ರ ಕೊಟ್ಟಳು.

"ಹತ್ತ ದಿನಕ್ಕ ತತ್ತಿ ಒಡೀತಾವ ಅಂತ ನೀವ ಹೇಳ್ತಿದ್ರಲ್ಲ. ಇನ್ನೊಂದ ಐತವಾರ ಬರ್ರಿ."

ಬಂದರು. ನಿವೃತ್ತಿಯಾದ ಮೇಲೂ ಹುಮನಾಬಾದಿನಲ್ಲೇ ಉಳಿದು, ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಬಸ್ಸು ಹತ್ತಿ ಬಂದು ಆ ಚಿಗುರನ್ನು ಒರೆಸಿದರು. ಗೆಳೆತನವಾಯಿತು ಎಂದು ಯಾರೂ ತಿಳಿಯಬೇಡಿ. ಇಬ್ಬರೂ ಪ್ರತಿ ಸಲ ಜಗಳಾಡಿದರು. ಬೂದಿ ಹಾಕಬೇಕೆಂದು ಇವಳು, ಬೇವಿನ ನೀರು ಹೊಡೆಯಬೇಕೆಂದು ಅವರು. ಗಿಡದ ಹೆಸರನ್ನೇ ಇವಳು ತಪ್ಪು ಹೇಳುತ್ತಾಳೆಂದು ಅವರು, ಹಣ್ಣು ಕೊಡದ ಗಿಡ ಸಾಕುವವರಿಗೆ ಹೆಸರು ಯಾಕೆಂದು ಇವಳು. ಚಹಾ ಮಾತ್ರ ಯಾವಾಗಲೋ ಶುರುವಾಗಿತ್ತು. ಯಾವ ಭಾನುವಾರದಿಂದ ಎಂದು ನಾನು ಗಮನಿಸಲಿಲ್ಲ.

ಮೂರನೆಯ ದಸರೆಗೆ ಗಿಡ ಹಣ್ಣು ಕೊಟ್ಟಿತು. ಹೆಚ್ಚಲ್ಲ, ಪುಟ್ಟಿಯ ಮುಕ್ಕಾಲು ತುಂಬುವಷ್ಟು. ಗುರಮ್ಮ ಅದನ್ನು ಹೊಸ ಅರಿವೆಯಿಂದ ಮುಚ್ಚಿ ಮರುದಿನದ ನಿರ್ಣಾ ಬಸ್ಸಿಗೆ ತಯಾರಿಟ್ಟಿದ್ದಳು. ಎರಡು ಹಣ್ಣು ಹೊರಗೆ ತೆಗೆದಿಟ್ಟು ಒಂದನ್ನು ನನಗೆ, ಒಂದನ್ನು ದೊಡ್ಡ ಬಾಯಿಗೆ ಕೊಟ್ಟಳು. ಅವರು ಕಟ್ಟೆಯ ಮೇಲೆ ಕೂತು, ಹಣ್ಣು ಬಿಡಿಸಿ, ಒಂದು ತೊಳೆ ಬಾಯಲ್ಲಿಟ್ಟು, ಬೀಜವನ್ನು ಅಂಗೈಗೆ ಉಗುಳಿ ಪರೀಕ್ಷಿಸಿದರು.

"ಬೀಜ ಹೆಚ್ಚು. ತಿರುಳು ಕಡಿಮೆ" ಎಂದರು.

ಗುರಮ್ಮ ಗಿಡದ ಕಡೆ ನೋಡುತ್ತ, "ಬಾಯಿ, ಆ ಮ್ಯಾಲಿನ ಟೊಂಗಿ ನೋಡ್ರಿ. ಬೆಳ್ಳಗ ಕಾಣಾಕತ್ತದ" ಎಂದಳು.

"ಎಲ್ಲಿ? ಎಲ್ಲಿ?" ಎನ್ನುತ್ತ ಉಳಿದ ತಿರುಳನ್ನೆಲ್ಲ ಬಾಯಿಗೆ ತುರುಕಿಕೊಂಡು, ಕನ್ನಡಕ ತಡಕಾಡುತ್ತ, ನೋಯುವ ಮೊಣಕಾಲು ಎಳೆದುಕೊಂಡೇ ದೊಡ್ಡ ಬಾಯಿ ಗಿಡದ ಕಡೆ ಓಡಿದರು. ಟೊಂಗೆಯನ್ನು ಬಗ್ಗಿಸಿ ಎಲೆ ಮಗುಚಿ ಮಗುಚಿ ನೋಡಿದರು.

ನಾನೂ ಎದ್ದೆ. ಗುರಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು.

"ಕೂಡ್ರಿ ಸಣ್ಣ ಬಾಯಿ. ಅಲ್ಲೇನೂ ಇಲ್ಲ. ಬೀಜ ಹೆಚ್ಚ ಅಂತ ನನ್ನ ಹಣ್ಣಿಗಿ ಹೆಸರ ಇಟ್ಟರಲ್ಲ, ಒಂದೀಟ ಹುಡಕ್ಲಿ."